ಲಕೋಟೆಯ ಮೇಲೆ ಬರೆದದ್ದು

ಸ್ಕೋಫೀಲ್ಡ್ಸ್

ನಾನು ಆಸ್ಟ್ರೇಲಿಯಕ್ಕೆ ಹೋದದ್ದು ಒಂದು ಲಕೋಟೆಯ ವಿಷಯ ಕೇಳಿಕೊಂಡು ಬರುವುದಕ್ಕೆ. ಚಿತ್ರದುರ್ಗದಲ್ಲಿ ಎಲ್ಲರಿಗೂ ಅಣ್ಣನ ಮಗಳ ಮನೆಗೆ ಹೋಗುತ್ತಿದ್ದೇನೆ ಎಂದೇ ಹೇಳಿದ್ದೆ. ಅದೂ ಸುಳ್ಳಲ್ಲ. ಆದರೆ ಅರವತ್ತಾರನೆಯ ವಯಸ್ಸಿನಲ್ಲಿ, ಎರಡೂ ಮಂಡಿ ಕೈಕೊಟ್ಟ ಮೇಲೆ, ಬರೀ ಅಣ್ಣನ ಮಗಳನ್ನು ನೋಡಲು ಅಷ್ಟು ಹೊತ್ತು ವಿಮಾನದಲ್ಲಿ ಮುದುಡಿಕೊಂಡು ಕೂರುವಷ್ಟು ಪ್ರೀತಿ ನನ್ನಲ್ಲಿಲ್ಲ. ರಶ್ಮಿಗೂ ಇದು ಗೊತ್ತು. ಅವಳು ಕರೆದು ಕರೆದು ಸಾಕಾಗಿ ಸುಮ್ಮನಾಗಿದ್ದಳು. ನಾನೇ ಬರುತ್ತೇನೆ ಎಂದಾಗ ಅನುಮಾನಪಡುತ್ತಲೇ ಟಿಕೆಟ್ ಕಳಿಸಿದಳು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಕೈಚೀಲದಲ್ಲಿದ್ದ ಅಂಗೈಯಗಲದ ರೇಡಿಯೊ ರಿಸೀವರನ್ನು ಮೂವರು ತಿರುಗಿಸಿ ತಿರುಗಿಸಿ ನೋಡಿದರು. "ಇದೇನ್ ಮೇಡಂ? ಇದ್ರಲ್ಲಿ ಮಾತಾಡಬಹುದಾ?" ಎಂದು ಒಬ್ಬ. ಬರೀ ಕೇಳುವುದು ಎಂದೆ. "ಯಾರನ್ನ ಕೇಳೋದು?" ಎಂದು ಇನ್ನೊಬ್ಬ. ಸಿಡ್ನಿಯಲ್ಲಿ ಇಳಿದಾಗ ಅದೇ ರೇಡಿಯೊವನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಅಲ್ಲಿನ ಅಧಿಕಾರಿಣಿಯ ಗಮನವೆಲ್ಲ ನನ್ನ ಹುಣಸೆಹಣ್ಣಿನ ಮೇಲೆ. ಉಂಡೆ ಬಿಡಿಸಿ, ಒಳಗೆ ಬೀಜ ಇರುವುದನ್ನು ಕಂಡು, ಹಾವಿನ ಮೊಟ್ಟೆ ಸಿಕ್ಕವಳ ಹಾಗೆ ಎರಡು ಬೆರಳಲ್ಲಿ ಹಿಡಿದು ಕಸದ ಡಬ್ಬಕ್ಕೆ ಹಾಕಿದಳು. ಒಂದು ದೇಶಕ್ಕೆ ತಂತಿಯ ಭಯ, ಇನ್ನೊಂದಕ್ಕೆ ಬೀಜದ ಭಯ. ಚಕ್ಕುಲಿಯನ್ನು ಮಾತ್ರ ಬಿಟ್ಟಳು, ಅದಕ್ಕೆ ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ.

ರಶ್ಮಿಯ ಮನೆ ಇರುವುದು ಸ್ಕೋಫೀಲ್ಡ್ಸ್ ಎಂಬಲ್ಲಿ. ಊರು ಮುಗಿಯಿತು ಅನ್ನಿಸಿದ ಮೇಲೆ ಇನ್ನೂ ಅರ್ಧ ಗಂಟೆ ಕಾರು ಓಡುತ್ತದೆ. ಎಲ್ಲ ಮನೆಗಳೂ ಒಂದೇ ಬಣ್ಣ, ಒಂದೇ ಎತ್ತರ. ಎರಡನೆಯ ದಿನ ವಾಕಿಂಗ್ ಮುಗಿಸಿ ಬರುವಾಗ ಬೇರೆಯವರ ಮನೆಯ ಬಾಗಿಲನ್ನು ಹತ್ತು ನಿಮಿಷ ತಟ್ಟಿದ್ದೇನೆ. ಒಳಗಿದ್ದ ಪಂಜಾಬಿ ಅಜ್ಜಿ ಬಾಗಿಲು ತೆರೆದು, ಏನೂ ಕೇಳದೆ, ಹಿಂದಿಯಲ್ಲಿ "ನಾನೂ ನಿನ್ನೆ ಹೀಗೇ ಮಾಡಿದೆ" ಎಂದು ಹೇಳಿ ನೀರು ಕೊಟ್ಟಳು.

ಹಿತ್ತಲಲ್ಲಿ ಬಟ್ಟೆ ಒಣಗಿಸುವ ಕಂಬದಿಂದ ಬೇಲಿಯವರೆಗೆ ಒಂದು ತಂತಿ ಎಳೆದುಕೊಳ್ಳೋಣ ಎಂದು ಹೊರಟಿದ್ದೆ. ತಂತಿ ಇಲ್ಲದೆ ನನ್ನ ರೇಡಿಯೊಗೆ ದೂರದ್ದೇನೂ ಕೇಳಿಸದು. ರಶ್ಮಿ ಆಫೀಸಿನ ಮೀಟಿಂಗ್ ಬಿಟ್ಟು ಓಡಿ ಬಂದಳು.

"ಅತ್ತೆ, ಪ್ಲೀಸ್, ಅದೆಲ್ಲ ಬೇಡ. ಈ ಲೇಔಟಿಗೆ ಎಸ್ಟೇಟ್ ರೂಲ್ಸ್ ಇದೆ. ಬೇಲಿಗಿಂತ ಮೇಲೆ ಏನೂ ಕಾಣಬಾರ್ದು. ಗೇಟಿಗೆ ಬೇರೆ ಪೇಂಟ್ ಹೊಡೆದಿದ್ದಕ್ಕೇ ನಮಗೆ ಲೆಟರ್ ಬಂತು."

"ಒಂದು ದಾರ ಕಣೇ."

"ದಾರಕ್ಕೂ ಬರತ್ತೆ ಲೆಟರ್."

ಅವಳಿಗೆ ವಾದ ಮಾಡುವಷ್ಟೂ ಚೈತನ್ಯ ಇರಲಿಲ್ಲ. ಅವಳು ಮತ್ತು ಗಂಡ ಪ್ರಸನ್ನ ಬೆಳಿಗ್ಗೆ ಏಳುವುದೇ ದಣಿದುಕೊಂಡು. ಮಾರ್ಟ್‌ಗೇಜ್, ಅಂದರೆ ಮನೆಸಾಲ, ಎಂಬ ಪದ ದಿನಕ್ಕೆ ನಾಲ್ಕು ಸಲವಾದರೂ ಆ ಮನೆಯಲ್ಲಿ ಕೇಳುತ್ತದೆ, ನಮ್ಮ ಮನೆಯಲ್ಲಿ ನೀರು ಬಂತಾ ಎಂದು ಕೇಳುವ ಹಾಗೆ. ನಾನು ತಂತಿ ಸುತ್ತಿಟ್ಟೆ.

ಈಗ ಲಕೋಟೆಯ ವಿಷಯ ಹೇಳಬೇಕು. ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತಳಾದವಳು, ಹವ್ಯಾಸದಿಂದ ಹ್ಯಾಮ್. ಹ್ಯಾಮ್ ಎಂದರೆ ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಮನೆಯ ರೇಡಿಯೊದಿಂದಲೇ ಯಾವುದೋ ದೇಶದ ಯಾರದೋ ಜೊತೆ ಮಾತಾಡುವವರು. ಪ್ರತಿಯೊಬ್ಬರಿಗೂ ಅಕ್ಷರ ಅಂಕಿ ಸೇರಿಸಿದ ಒಂದು ಕಾಲ್‌ಸೈನ್ ಇರುತ್ತದೆ, ಗಾಡಿಗೆ ನಂಬರ್ ಇದ್ದ ಹಾಗೆ. ಮಾತಾಡಿದ ಮೇಲೆ ಒಬ್ಬರಿಗೊಬ್ಬರು ಅಂಚೆಯಲ್ಲಿ ಕಾರ್ಡ್ ಕಳಿಸುವುದು ವಾಡಿಕೆ. ಇಂಥ ದಿನ, ಇಂಥ ಹೊತ್ತು, ನಿಮ್ಮ ದನಿ ಕೇಳಿಸಿತು ಎಂಬುದಕ್ಕೆ ಅದೇ ಖಾತ್ರಿ. ಅದು ಬಾರದೆ ಮಾತಾಡಿದ್ದು ಮಾತಾಡಿದ ಹಾಗಲ್ಲ.

ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ನನಗೆ ಇದ್ರಿಸ್ ಎಂಬುವರು ಸಿಕ್ಕರು. ಅವರ ದೇಶದ ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ, ಅವರ ತಮ್ಮಂದಿರು ಈಗಲೂ ಅಲ್ಲಿದ್ದಾರೆ. ಬಡ ದೇಶ, ಒಳಜಗಳದಲ್ಲಿ ಬೇಯುತ್ತಿದ್ದ ದೇಶ ಎಂದಷ್ಟೇ ಹೇಳುತ್ತೇನೆ. ಅಲ್ಲಿಂದ ಹ್ಯಾಮ್ ದನಿ ಬರುವುದೇ ಅಪರೂಪ. ಇದ್ರಿಸ್ ಜೊತೆ ಆರೇಳು ನಿಮಿಷ ಮಾತಾಡಿದೆ. ನಡುವೆ ಅವರ ಸ್ನೇಹಿತ ಸಾಲೆಹ್ ಎಂಬವರೂ ಮೈಕ್ ತೆಗೆದುಕೊಂಡು ಅರ್ಧ ನಿಮಿಷ ಮಾತಾಡಿದರು. ಆಮೇಲೆ ಕಾರ್ಡ್ ಬರೆದೆ. ಸಾಲೆಹ್ ಅವರಿಗೂ ನಮಸ್ಕಾರ ಎಂದು ಕೆಳಗೆ ಸೇರಿಸಿದೆ.

ಅಂಥ ದೇಶಕ್ಕೆ ಕಳಿಸುವಾಗ ಲಕೋಟೆಯ ಮೇಲೆ ಕಾಲ್‌ಸೈನ್ ಬರೆಯಬಾರದು, ಬರೆದರೆ ಆ ಮನೆಯಲ್ಲಿ ರೇಡಿಯೊ ಇದೆ ಎಂದು ಸಾರಿದ ಹಾಗೆ. ಇದು ಹ್ಯಾಮ್‌ಗಳಿಗೆ ಮೊದಲ ದಿನ ಹೇಳಿಕೊಡುವ ಪಾಠ. ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ಆದರೂ ಬರೆದೆ. ಕಾರಣ ಹೇಳಲು ನಾಚಿಕೆಯಾಗುತ್ತದೆ. ನಮ್ಮ ಅಂಚೆ ಕಚೇರಿಯ ಗುಮಾಸ್ತರು ಪ್ರತಿಸಲವೂ "ಮೇಡಂ, ಈ ಸಲ ಯಾವ ದೇಶ?" ಎಂದು ಕೇಳಿ, ಲಕೋಟೆಯನ್ನು ಪಕ್ಕದವರಿಗೂ ತೋರಿಸುತ್ತಿದ್ದರು. ಇಷ್ಟು ಅಪರೂಪದ ದೇಶ ಸಿಕ್ಕಿದೆ ಎಂದು ಅವರಿಗೂ ಕಾಣಲಿ ಎಂಬ ಜಂಬ. ಹೆಸರಿನ ಮುಂದೆ ಡಿಗ್ರಿ ಬರೆಯುವ ಹಾಗೆ ಇದ್ರಿಸ್ ಹೆಸರಿನ ಕೆಳಗೆ ಅವರ ಕಾಲ್‌ಸೈನನ್ನು ದಪ್ಪಕ್ಷರದಲ್ಲಿ ಬರೆದೆ, ಎಡಗಡೆ ನನ್ನದನ್ನೂ.

ಆಮೇಲೆ ಇದ್ರಿಸ್ ದನಿ ಕೇಳಿಸಲಿಲ್ಲ. ಕೆಲವು ತಿಂಗಳಾದ ಮೇಲೆ ಇಟಲಿಯ ಒಬ್ಬ ಹ್ಯಾಮ್ ಮಾತಿನ ನಡುವೆ, ಅವರನ್ನು ಹಿಡಿದುಕೊಂಡು ಹೋದರಂತೆ, ಹೊರದೇಶದ ಯಾವುದೋ ಅಂಚೆ ಸಿಕ್ಕಿತಂತೆ ಎಂದ. ಯಾರ ಅಂಚೆ ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಸೆಟ್ ಆರಿಸಿ ಅಡುಗೆಮನೆಗೆ ಹೋದೆ, ಅನ್ನ ಸೀದಿತ್ತು. ಅಂದಿನಿಂದ ಅದು ನನ್ನ ಲಕೋಟೆಯೇ ಎಂಬ ಪ್ರಶ್ನೆ ನನ್ನ ಜೊತೆಗೇ ಇದೆ.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ಆಸ್ಟ್ರೇಲಿಯದ ಕಾಲ್‌ಸೈನ್ ಹೇಳಿಕೊಂಡು ಅದೇ ದನಿ ಬಂತು. ನಿಧಾನಕ್ಕೆ ಮೂರು ಸಲ ಹಲೋ ಹೇಳುವ ಅದೇ ಅಭ್ಯಾಸ. ಹೆಸರು ಇದ್ರಿಸ್, ಊರು ಮೆಲ್ಬರ್ನ್ ಎಂದರು. ನಾನು ಮೈಕ್ ಹಿಡಿದುಕೊಂಡೇ ಕೂತಿದ್ದೆ, ಬಟನ್ ಒತ್ತಲು ಧೈರ್ಯ ಬರಲಿಲ್ಲ. ಕ್ಲಬ್ಬಿನವರ ಮೂಲಕ ವಿಳಾಸ ಹುಡುಕಿ ಪತ್ರ ಬರೆಯಲು ಇನ್ನೂ ಒಂದೂವರೆ ವರ್ಷ ತೆಗೆದುಕೊಂಡೆ. ನಿಮ್ಮನ್ನು ಕಂಡು ಒಂದು ಮಾತು ಕೇಳುವುದಿದೆ ಎಂದಷ್ಟೇ ಬರೆದೆ. ಉತ್ತರ ಎರಡು ಮಾತಿನದು: ಬನ್ನಿ, ಚಹಾ ಕುಡಿಯೋಣ.

ಮ್ಯಾಕ್ವೆರಿ ಪಾರ್ಕ್

ಒಂದು ದಿನ ಪ್ರಸನ್ನ ತನ್ನ ಆಫೀಸ್ ಇರುವ ಮ್ಯಾಕ್ವೆರಿ ಪಾರ್ಕಿಗೆ ಕರೆದುಕೊಂಡು ಹೋದ. ಮನೆಯಲ್ಲೇ ಕೂತು ಗೋಡೆ ನೋಡುತ್ತಿದ್ದೇನೆ ಎಂದು ರಶ್ಮಿಗೆ ಚಿಂತೆಯಾಗಿತ್ತು. ಡ್ರೈವರ್ ಇಲ್ಲದ ಮೆಟ್ರೊ ರೈಲು. ಮುಂದಿನ ಗಾಜಿನ ಹತ್ತಿರ ನಿಂತರೆ ಸುರಂಗ ಕಾಣುತ್ತದೆ ಎಂದು ನನ್ನನ್ನು ಅಲ್ಲಿಗೇ ಒಯ್ದು ನಿಲ್ಲಿಸಿದ. ಡಬ್ಬಿಯ ತುಂಬ ಜನ, ಒಂದು ಪಿಸುಮಾತಿಲ್ಲ. ನಿಂತುಕೊಂಡೇ ತೂಕಡಿಸುವವರು ಆರು ಮಂದಿ ಸಿಕ್ಕರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಪ್ರಸನ್ನ ಕಾಫಿ ತಂದ. ತಟ್ಟೆಯಗಲದ ಬಟ್ಟಲು, ಮೇಲೆ ನೊರೆಯಲ್ಲಿ ಎಲೆಯ ಚಿತ್ರ. ಕುಡಿದರೆ ಬಿಸಿಹಾಲು. ಆ ಹುಡುಗ ಒಳ್ಳೆಯವನು, ಮೈಸೂರಿನವನು, ಯಾವುದನ್ನೂ ಗಟ್ಟಿಯಾಗಿ ಹೇಳುವುದಿಲ್ಲ. ನನಗೂ ಯಾರಿಗಾದರೂ ಹೇಳಿ ಹಗುರಾಗಬೇಕಿತ್ತು. ಮೆಲ್ಬರ್ನಿಗೆ ಯಾಕೆ ಹೋಗಬೇಕು ಎಂಬುದನ್ನು ಅವನಿಗೆ ಹೇಳಿದೆ.

ಅವನು ಎಲ್ಲ ಕೇಳಿಸಿಕೊಂಡು ಚಮಚದಲ್ಲಿ ನೊರೆ ಕಲಕುತ್ತ ಕೂತ.

"ಅತ್ತೆ, ಬೇಜಾರ್ ಮಾಡ್ಕೋಬೇಡಿ. ಅವರು ಹೊಸ ದೇಶಕ್ಕೆ ಬಂದು ಸೆಟ್ಲ್ ಆಗಿದಾರೆ. ನೀವು ಹೋಗಿ ಅದನ್ನೆಲ್ಲ ಕೆದಕಿದ್ರೆ ಅವರಿಗೆ ಏನು ಹೆಲ್ಪ್ ಆಗತ್ತೆ?"

"ಅವರಿಗಲ್ಲ. ನನಗೆ."

"ಅದೇ ನಾನು ಹೇಳ್ತಿರೋದು," ಎಂದ.

ಆ ಮಾತು ನಾಟಿತು. ಅವನು ಎರಡು ಗಂಟೆಯ ಮೀಟಿಂಗಿಗೆ ಹೋದ ಮೇಲೆ ಒಬ್ಬಳೇ ಮನೆಗೆ ಹೊರಟೆ. ತಲೆಯಲ್ಲಿ ಅವನ ಮಾತೇ ಇದ್ದುದರಿಂದ ಎದುರು ದಿಕ್ಕಿನ ರೈಲು ಹತ್ತಿದೆ. ಹತ್ತಿ ಕೂತದ್ದೇ ನಿದ್ದೆ. ಸಮುದ್ರದ ಕೆಳಗೆ ಹೋಗಿ, ಪೇಟೆ ದಾಟಿ, ಕೊನೆಯ ಸ್ಟೇಷನ್ನಿನಲ್ಲಿ ಎಚ್ಚರವಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ತಲೆ ತನ್ನ ಭುಜದ ಮೇಲೆ ಬಿದ್ದಿದ್ದರೂ ಅಲುಗದೆ ಪುಸ್ತಕ ಓದುತ್ತಿದ್ದಳು. ನಮ್ಮ ಕಡೆಯ ಬಸ್ಸಾಗಿದ್ದರೆ ಕಂಡಕ್ಟರ್ "ಅಮ್ಮಾ, ದುರ್ಗ ಬಂತು, ಏಳ್ರಿ" ಎಂದು ಸೀಟು ಬಡಿಯುತ್ತಿದ್ದ. ಇಲ್ಲಿ ಯಾರನ್ನೂ ಎಬ್ಬಿಸುವುದು ಮರ್ಯಾದೆಯಲ್ಲವಂತೆ. ಸಾರಿ ಎಂದೆ. "ನೋ ವರೀಸ್" ಎಂದಳು.

ಇದೊಂದು ಮಾತು ಈ ದೇಶದಲ್ಲಿ. ಕಾಲು ತುಳಿದರೂ ನೋ ವರೀಸ್, ಚಿಲ್ಲರೆ ತಪ್ಪಾದರೂ ನೋ ವರೀಸ್. ಚಿಂತೆಯನ್ನೇ ಗಂಟು ಕಟ್ಟಿಕೊಂಡು ಬಂದವಳಿಗೆ ಆ ಮಾತು ಕೇಳಿ ಕೇಳಿ ಸುಸ್ತಾಯಿತು. ಅದೇ ರೈಲಿನಲ್ಲಿ ಕೂತು ವಾಪಸ್ ಬಂದೆ. ಒಪೆರಾ ಹೌಸ್ ನೋಡಿದಿರಾ ಎಂದು ಊರಿನಲ್ಲಿ ಕೇಳುತ್ತಾರೆ. ಭಾನುವಾರ ನೋಡಿದೆ, ಫೋಟೋದಲ್ಲಿ ಇರುವ ಹಾಗೇ ಇದೆ.

ಹಗಲು ರೈಲು

ಸಿಡ್ನಿಯಿಂದ ಮೆಲ್ಬರ್ನಿಗೆ ವಿಮಾನದಲ್ಲಿ ಒಂದೂವರೆ ಗಂಟೆ. ರೈಲಿನಲ್ಲಿ ಹನ್ನೊಂದು ಗಂಟೆ. ನಾನು ರೈಲು ಎಂದಾಗ ರಶ್ಮಿ ನನ್ನ ಹಣೆ ಮುಟ್ಟಿ ನೋಡಿದಳು.

"ಫ್ಲೈಟ್ ಬುಕ್ ಮಾಡ್ತೀನಿ ಅತ್ತೆ. ಟ್ರೇನಲ್ಲಿ ಯಾರೂ ಹೋಗಲ್ಲ."

"ಬೇಗ ತಲುಪೋದು ಬೇಡ ನನಗೆ."

ಅವಳ ಒಂಬತ್ತು ವರ್ಷದ ಮಗಳು ಮೀರಾಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷ್. ಅವಳು ಸೀರಿಯಲ್ ತಿನ್ನುತ್ತ, "ಅಜ್ಜಿ, ವೈ ಡೋಂಟ್ ಯು ಜಸ್ಟ್ ಟೆಕ್ಸ್ಟ್ ಹಿಮ್?" ಎಂದಳು. ಮೂರು ತಲೆಮಾರಿನಲ್ಲಿ ಬುದ್ಧಿ ಇರುವುದು ಅವಳೊಬ್ಬಳಿಗೇ ಎನ್ನಿಸಿತು.

ರೈಲಿನಲ್ಲಿ ನನ್ನ ಸೀಟು ಹಿಮ್ಮುಖ. ಹನ್ನೊಂದು ಗಂಟೆ ಬೆನ್ನು ಮುಂದಾಗಿಯೇ ಮೆಲ್ಬರ್ನಿಗೆ ಹೋದೆ. ಹೊರಗೆ ಒಣಹುಲ್ಲು, ಕುರಿ, ಮತ್ತೆ ಒಣಹುಲ್ಲು. ನಮ್ಮ ಹಿರಿಯೂರಿನ ಕಡೆಯ ಬಯಲನ್ನೇ ಯಾರೋ ಎಳೆದು ಉದ್ದ ಮಾಡಿ, ಜನರನ್ನು ತೆಗೆದುಬಿಟ್ಟ ಹಾಗಿತ್ತು. ಎದುರಿಗೆ ವಾಗಾ ವಾಗಾ ಎಂಬ ಊರಿನ ಮುದುಕಿಯೊಬ್ಬಳು ಸ್ವೆಟರ್ ಹೆಣೆಯುತ್ತ ಕೂತಿದ್ದಳು. ಮೆಲ್ಬರ್ನಿನಲ್ಲಿ ಯಾರಿದ್ದಾರೆ ಎಂದಳು. ನನ್ನಿಂದ ಒಬ್ಬರಿಗೆ ತೊಂದರೆಯಾಗಿದೆ, ಅಥವಾ ಆಗಿಲ್ಲ, ಅದನ್ನು ಕೇಳಲು ಹೋಗುತ್ತಿದ್ದೇನೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಆಯಾಸವಾದಾಗ ಸುಳ್ಳು ಹೊಳೆಯುವುದಿಲ್ಲ. ಅವಳು ಹೆಣೆಯುವುದನ್ನು ನಿಲ್ಲಿಸಿ ಯೋಚಿಸಿ, ತನ್ನ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ಮುರಿದು ಕೊಟ್ಟಳು. ಒಳಗೆ ಮೊಟ್ಟೆ ಇತ್ತು. ನಾನು ಮೊಟ್ಟೆ ತಿನ್ನುವವಳಲ್ಲ. ಆದರೂ ತಿಂದೆ.

ಅವಳು ಇಳಿದು ಹೋದ ಮೇಲೆ ಪ್ರಸನ್ನ ಹೇಳಿದ ಮಾತು ಮತ್ತೆ ಬಂತು. ನನ್ನ ಲಕೋಟೆ ಅಲ್ಲ ಎಂದು ಅವರು ಹೇಳಿದರೆ ನಂಬುತ್ತೇನೆಯೇ? ನನ್ನದೇ ಎಂದರೆ ಏನು ಮಾಡುತ್ತೇನೆ? ಸಂಜೆಗೆ ಮೆಲ್ಬರ್ನ್ ತಲುಪಿದೆ. ಸ್ಟೇಷನ್ನಿನ ಹತ್ತಿರದ ಲಾಡ್ಜಿನಲ್ಲಿ ಮಲಗಿದೆ.

ಸನ್‌ಶೈನ್

ಇದ್ರಿಸ್ ಇರುವ ಸಬರ್ಬಿನ ಹೆಸರು ಸನ್‌ಶೈನ್. ಬೆಳಿಗ್ಗೆ ಹತ್ತಕ್ಕೆ ಅಲ್ಲಿಳಿದಾಗ ಸಣ್ಣಗೆ ಜಿನುಗುತ್ತಿತ್ತು. ಸ್ಟೇಷನ್ನಿನ ಹೊರಗೆ ಒಬ್ಬರು ಎರಡು ಕೊಡೆ ಹಿಡಿದು ನಿಂತಿದ್ದರು, ಒಂದು ಬಿಚ್ಚಿದ್ದು, ಒಂದು ಮಡಚಿದ್ದು. ನಾನು ದನಿಯಿಂದ ಎತ್ತರದ ಆಳನ್ನು ಊಹಿಸಿಕೊಂಡಿದ್ದೆ. ನನಗಿಂತ ಕುಳ್ಳು, ಬಿಳಿ ಗಡ್ಡ, ನೀಲಿ ಸ್ವೆಟರ್. ಮೂರು ಸಲ ನಿಧಾನವಾಗಿ ಹಲೋ ಎಂದರು. ಎದುರಿಗೆ ನಿಂತಾಗಲೂ ಹಾಗೆಯೇ ಹೇಳುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

ಅವರು ಲಿಫ್ಟ್ ರಿಪೇರಿ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ. ಹೆಂಡತಿ ವೃದ್ಧಾಶ್ರಮವೊಂದರಲ್ಲಿ ನರ್ಸು, ಆಗ ಶಿಫ್ಟಿಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ನಮ್ಮ ಮಾತು ನಡೆದದ್ದು ಇಂಗ್ಲಿಷಿನಲ್ಲಿ, ಇಬ್ಬರದೂ ಪುಸ್ತಕ ಓದಿ ಕಲಿತ ಇಂಗ್ಲಿಷ್.

ಅವರ ಕಡೆ ಒಂದು ಪದ್ಧತಿ. ಬಂದವರು ಎರಡು ಲೋಟ ಚಹಾ ಕುಡಿಯುವವರೆಗೆ ಬಂದ ವಿಷಯ ಎತ್ತಬಾರದು. ಮೊದಲ ಲೋಟಕ್ಕೆ ನಾನು ಬಾಯಿ ತೆರೆದೆ, ಅವರು ಕೈ ಎತ್ತಿ ತಡೆದು ನನ್ನ ಆಂಟೆನಾ ಬಗ್ಗೆ ಕೇಳಿದರು. ಬೇವಿನ ಮರಕ್ಕೆ ಕಟ್ಟಿದ್ದೇನೆ, ಪಕ್ಕದ ಮನೆಯವರು ಸಿಡಿಲು ಹಿಡಿಯುವುದಕ್ಕೋ ಎಂದು ಕೇಳುತ್ತಾರೆ ಎಂದೆ. ನಕ್ಕರು. ನಾನು ತಂದಿದ್ದ ಚಕ್ಕುಲಿ ತಿಂದು ಒಳಗೆ ಏನು ಹಾಕುತ್ತಾರೆ ಎಂದರು. ಏಲಕ್ಕಿ ಹಾಕಿದ ಕರೀ ಚಹಾ ಚೆನ್ನಾಗಿತ್ತು. ಎರಡನೆಯ ಲೋಟ ಕೆಳಗಿಟ್ಟ ಮೇಲೆ, "ಈಗ ಕೇಳಿ" ಎಂದರು.

ಕೇಳಿದೆ. ಲಕೋಟೆಯ ಮೇಲೆ ಬರೆದದ್ದು, ಬರೆದ ಕಾರಣ, ಅಂಚೆ ಗುಮಾಸ್ತರ ಮುಂದಿನ ಜಂಬ, ಯಾವುದನ್ನೂ ಮುಚ್ಚಿಡಲಿಲ್ಲ.

"ಹೌದು," ಎಂದರು ಇದ್ರಿಸ್. "ನಿಮ್ಮದೇ ಲಕೋಟೆ. ಮೇಜಿನ ಮೇಲೆ ಇಟ್ಟಿದ್ದರು. ಆನೆಯ ಚಿತ್ರದ ಸ್ಟಾಂಪ್ ಇತ್ತು."

ಹನ್ನೊಂದು ವರ್ಷ ಅಂಜಿದ ಮಾತು ಇಷ್ಟು ಸಲೀಸಾಗಿ ಬಂತು. ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

ಅವರು ಮೂರನೆಯ ಲೋಟ ಬಗ್ಗಿಸುತ್ತ ಹೇಳಿದರು. "ನಮ್ಮಲ್ಲಿ ನಿಯಮ ಇರಲಿಲ್ಲ ಅಂತ ಜನ ತಿಳಿದಿದ್ದಾರೆ. ನಿಯಮ ಎರಡು ಪಟ್ಟು ಇತ್ತು. ರಾಜಧಾನಿಯಲ್ಲಿ ಒಂದು ದೂರಸಂಪರ್ಕ ಸಚಿವಾಲಯ. ನಮ್ಮ ಊರನ್ನು ಹಿಡಿದುಕೊಂಡವರದು ಇನ್ನೊಂದು ಸಚಿವಾಲಯ. ಹೆಸರು ಒಂದೇ, ಮೊಹರು ಒಂದೇ, ಹವ್ಯಾಸಿ ರೇಡಿಯೊ ನಿಯಮದ ಹಳೆಯ ಪುಸ್ತಕವೂ ಒಂದೇ. ನನಗೆ ರಾಜಧಾನಿಯವರು ಕೊಟ್ಟ ಪರವಾನಗಿ ಇತ್ತು. ಊರು ಕೈ ಬದಲಾದ ಮೇಲೆ ಇವರಿಗೂ ಅರ್ಜಿ ಹಾಕಿದೆ. ಪರಿಶೀಲನೆಯಲ್ಲಿದೆ ಅಂತ ಒಂದು ಚೀಟಿ ಕೊಟ್ಟರು. ಹದಿನಾಲ್ಕು ತಿಂಗಳು ಪರಿಶೀಲಿಸಿದರು."

ನನ್ನ ಲೈಸೆನ್ಸೂ ಬರಲು ಎರಡು ವರ್ಷ ಹಿಡಿದಿತ್ತು. ವಿಚಾರಣೆಗೆ ಬಂದ ಕಾನ್‌ಸ್ಟೇಬಲ್ ನನ್ನನ್ನು ಬಿಟ್ಟು, ಮೇಡಂ ಯಾರ ಜೊತೆ ಮಾತಾಡ್ತಾರೆ ಎಂದು ಬೀದಿಯವರನ್ನೆಲ್ಲ ಕೇಳಿ ಹೋಗಿದ್ದ. ಅದನ್ನು ಹೇಳಿದೆ. ತಲೆಯಾಡಿಸಿದರು. ಆದರೆ ನನ್ನದು ಹೇಳಿಕೊಂಡು ನಗುವ ಕಥೆ, ಅವರದು ಹಾಗಲ್ಲ.

"ಅಂಚೆ ವಿಂಗಡಿಸುವವರು ನನ್ನ ಹೆಸರಿನ ಕೆಳಗೆ ಆ ಅಕ್ಷರ ಅಂಕಿ ನೋಡಿ ಮೇಲಿನವರಿಗೆ ಕೊಟ್ಟಿದ್ದಾರೆ. ಮನೆಗೆ ಬಂದರು. ಸೆಟ್ ತೆಗೆದುಕೊಂಡರು, ಲಾಗ್ ಪುಸ್ತಕ ತೆಗೆದುಕೊಂಡರು. ವಿಚಾರಿಸಿದ ಅಧಿಕಾರಿ ಮರ್ಯಾದಸ್ಥ. ಹೊಡೆಯಲಿಲ್ಲ, ಬೈಯಲಿಲ್ಲ, ಚಹಾ ಕೊಟ್ಟ. ನಾನು ನಿಯಮ ಮೀರಿಲ್ಲ ಅಂತ ಎಲ್ಲವನ್ನೂ ತೋರಿಸಿದೆ. ಲಾಗ್ ತಿರುವಿ, ಸಾಲೆಹ್ ಯಾರು ಅಂತ ಕೇಳಿದ."

ಪ್ರತಿಯೊಂದು ಮಾತುಕತೆಯನ್ನೂ ಲಾಗ್ ಪುಸ್ತಕದಲ್ಲಿ ಬರೆದಿಡಬೇಕು ಎಂಬುದು ನಮ್ಮೆಲ್ಲರಿಗೂ ಇರುವ ನಿಯಮ. ಅವರ ದೇಶದ ಪುಸ್ತಕದಲ್ಲಿ ಇನ್ನೂ ಒಂದು ಸಾಲಿತ್ತು. ಲೈಸೆನ್ಸ್ ಇಲ್ಲದವರು ಲೈಸೆನ್ಸ್ ಇರುವವರ ಪಕ್ಕದಲ್ಲಿ ಕೂತು ಮಾತಾಡಬಹುದು, ಆದರೆ ಅವರ ಹೆಸರನ್ನು ಲಾಗ್‌ನಲ್ಲಿ ಕಾಣಿಸತಕ್ಕದ್ದು. ಇದ್ರಿಸ್ ಕಾಣಿಸಿದ್ದರು.

"ನಾನು ಹೆಮ್ಮೆಯಿಂದ ಹೇಳಿದೆ," ಎಂದರು. "ಇವನು ನನ್ನ ಸ್ನೇಹಿತ, ಪಕ್ಕದ ಮನೆಯವನು, ಶಾಲೆಯ ಮೇಷ್ಟ್ರು. ನನ್ನ ಪಕ್ಕದಲ್ಲಿ ಕೂತು ಇಂಥ ಕಲಮಿನ ಪ್ರಕಾರ ಮಾತಾಡಿದ್ದಾನೆ. ಕಲಮಿನ ನಂಬರ್ ಸಮೇತ ಹೇಳಿದೆ. ಅಧಿಕಾರಿ ಬರೆದುಕೊಂಡು ಥ್ಯಾಂಕ್ಸ್ ಹೇಳಿದ. ಎರಡನೇ ಸಲ ಕೇಳಲೂ ಇಲ್ಲ."

ಇದ್ರಿಸ್‌ಗೆ ಅರ್ಜಿಯ ಚೀಟಿಯಾದರೂ ಇತ್ತು, ಒಂದು ತಿಂಗಳಾದ ಮೇಲೆ ಬಿಟ್ಟರು. ಸಾಲೆಹ್‌ಗೆ ಯಾವ ಕಾಗದವೂ ಇರಲಿಲ್ಲ. ಅವರನ್ನು ಶಾಲೆಯಿಂದಲೇ ಕರೆದುಕೊಂಡು ಹೋದರು. ಬದುಕಿದ್ದಾರೆ ಎಂದಾಗಲಿ ಇಲ್ಲ ಎಂದಾಗಲಿ ಇವತ್ತಿನವರೆಗೆ ಯಾರೂ ಹೇಳಿಲ್ಲ.

ನನಗೆ ಆಗ ಕಾರ್ಡಿನ ಕೊನೆಯ ಸಾಲು ನೆನಪಾಯಿತು. ಸುಮ್ಮನಿರಬಹುದಿತ್ತು. ಕಾರ್ಡ್ ನೋಡಿದ್ದಿರಾ ಎಂದು ಕೇಳಿದೆ. ಇಲ್ಲ, ಮೇಜಿನ ಮೇಲೆ ಲಕೋಟೆ ಮಾತ್ರ ಇತ್ತು ಎಂದರು.

"ಕಾರ್ಡಿನಲ್ಲಿ ನಾನು ಸಾಲೆಹ್ ಅವರಿಗೂ ನಮಸ್ಕಾರ ಅಂತ ಬರೆದಿದ್ದೆ. ಹೆಸರು ಬರೆದಿದ್ದೆ. ನಿಮ್ಮನ್ನು ಕೇಳುವ ಮೊದಲೇ ಅವರ ಹತ್ತಿರ ಆ ಹೆಸರಿತ್ತು."

ಇದ್ರಿಸ್ ನನ್ನ ಮುಖ ನೋಡಿದರು. ಅವರಿಗೆ ಸಮಾಧಾನವಾಯಿತೋ ಸಿಟ್ಟು ಬಂತೋ ತಿಳಿಯಲಿಲ್ಲ. ಎದ್ದು ಹೋಗಿ, ಇನ್ನೂ ಕುದಿ ಬಾರದ ಕೆಟಲನ್ನು ಆರಿಸಿ ಬಂದು ಕೂತರು.

"ಸಾಲೆಹ್‌ನ ಹೆಂಡತಿ ಇಲ್ಲೇ ಇದ್ದಾಳೆ," ಎಂದರು. "ನಾದಿಯಾ. ನಾಲ್ಕು ಬೀದಿ ಆಚೆ. ಬಂದು ಆರು ವರ್ಷವಾಯಿತು. ಅಂಗಡಿಯಲ್ಲಿ ಸಿಕ್ಕರೆ ಸಲಾಂ ಹೇಳುತ್ತೇನೆ, ಮಕ್ಕಳನ್ನು ವಿಚಾರಿಸುತ್ತೇನೆ. ನಾನು ಹೆಸರು ಹೇಳಿದ್ದನ್ನು ಹೇಳಿಲ್ಲ. ನೀವು ಭೂಮಿಯ ಆ ಕಡೆಯಿಂದ ಬಂದಿರಿ. ನನಗೆ ನಾಲ್ಕು ಬೀದಿ ದಾಟಲು ಆಗಿಲ್ಲ."

"ಹೋಗೋಣ ಬನ್ನಿ," ಎಂದೆ.

"ಇವತ್ತು ಬೇಡ."

"ನನಗೆ ನಾಳೆ ಬೆಳಿಗ್ಗೆ ರೈಲು. ಆಮೇಲೆ ನೀವು ಹೋಗುವುದಿಲ್ಲ. ನನಗೆ ಗೊತ್ತು, ನಾನೂ ಹೀಗೇ ಹನ್ನೊಂದು ವರ್ಷ ಕಳೆದವಳು."

ಅವರು ಎದ್ದು ಬೂಟು ಹಾಕಿಕೊಂಡರು. ಎಡಗಾಲಿನ ದಾರವನ್ನು ಎರಡು ಸಲ ಬಿಚ್ಚಿ ಕಟ್ಟಿದರು.

ನಾಲ್ಕು ಬೀದಿ ಆಚೆ

ನನ್ನ ಮಂಡಿಗೆ ಆ ನಾಲ್ಕು ಬೀದಿ ಇಪ್ಪತ್ತು ನಿಮಿಷದ ದಾರಿಯಾಯಿತು. ಇದ್ರಿಸ್ ನನಗಿಂತಲೂ ನಿಧಾನವಾಗಿ ನಡೆದರು. ದಾರಿಯಲ್ಲಿ ಒಂದೇ ಮಾತಾಡಿದರು, ಕೊಡೆ ಸರಿಯಾಗಿ ಹಿಡಿದುಕೊಳ್ಳಿ ಎಂದು.

ನಾದಿಯಾ ಬಾಗಿಲು ತೆರೆದರು. ಐವತ್ತರ ಹೆಂಗಸು, ಕೈಗೆ ಹಿಟ್ಟು ಮೆತ್ತಿತ್ತು. ಒಳಗೆ ಕರೆದರು. ಅವರ ಮನೆಯಲ್ಲಿ ಎರಡು ಲೋಟ ಚಹಾದವರೆಗೆ ಕಾಯುವ ತಾಳ್ಮೆ ಇದ್ರಿಸ್‌ಗೆ ಇರಲಿಲ್ಲ. ನಿಂತುಕೊಂಡೇ ಮಾತಾಡಿದರು. ಅವರ ಭಾಷೆ ನನಗೆ ಬರುವುದಿಲ್ಲ. ಸಾಲೆಹ್ ಎಂಬ ಹೆಸರು ಮೂರು ನಾಲ್ಕು ಸಲ ಬಂತು, ನನ್ನ ಕಡೆ ಕೈ ತೋರಿಸಿದರು, ತಮ್ಮ ಎದೆ ಮುಟ್ಟಿಕೊಂಡರು. ನಾದಿಯಾ ಹಿಟ್ಟಿನ ಕೈ ಮುಂದೆ ಚಾಚಿಕೊಂಡೇ ಕೇಳಿದರು. ಇದ್ರಿಸ್ ಮಾತು ಮುಗಿಸಿದ ಮೇಲೆ ಅವರು ಚಿಕ್ಕದಾಗಿ ಏನೋ ಹೇಳಿದರು.

"ಅವಳಿಗೆ ಗೊತ್ತಿತ್ತಂತೆ," ಎಂದು ಇದ್ರಿಸ್ ನನ್ನ ಕಡೆ ನೋಡದೆ ಹೇಳಿದರು. "ಅಲ್ಲಿದ್ದಾಗಲೇ ಯಾರೋ ಹೇಳಿದ್ದರಂತೆ. ನಾನೇ ಬಂದು ಹೇಳಲಿ ಅಂತ ಇದ್ದಳಂತೆ."

ನಾದಿಯಾ ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕೂತರು. ನಾನು ಹೇಳಬೇಕು ಎಂದುಕೊಂಡದ್ದನ್ನು ಹೇಳಲು ಶುರುಮಾಡಿದೆ, ಕಾರ್ಡು, ಹೆಸರು, ತಪ್ಪು. ಇದ್ರಿಸ್ ಅನುವಾದ ಮಾಡುತ್ತಿದ್ದರು. ನಾದಿಯಾ ನಡುವೆಯೇ ತಡೆದು ನನ್ನ ಮಣಿಕಟ್ಟು ಹಿಡಿದು ಒಂದು ಪ್ರಶ್ನೆ ಕೇಳಿದರು.

"ಅವತ್ತು ರೇಡಿಯೊದಲ್ಲಿ ಸಾಲೆಹ್ ಏನು ಹೇಳಿದ ಅಂತ ಕೇಳುತ್ತಿದ್ದಾಳೆ."

ಅರ್ಧ ನಿಮಿಷದ ಮಾತು. ಹನ್ನೊಂದು ವರ್ಷದಲ್ಲಿ ಅದನ್ನು ಎಷ್ಟು ಸಲ ನೆನಪು ಮಾಡಿಕೊಂಡಿದ್ದೇನೋ, ಒಂದಕ್ಷರ ಮರೆತಿರಲಿಲ್ಲ. ಹೇಳಿದೆ. "ನಮಸ್ತೆ ಅಂದರು. ನಿಮ್ಮ ಊರಿನಲ್ಲಿ ಏನು ಬೆಳೆಯುತ್ತಾರೆ ಅಂತ ಕೇಳಿದರು. ಕಡಲೆಕಾಯಿ ಅಂದೆ. ನಕ್ಕರು. ಆಮೇಲೆ, ಕ್ಷಮಿಸಿ, ನನ್ನ ಹೆಂಡತಿ ಮಾಳಿಗೆಯಿಂದ ಊಟಕ್ಕೆ ಕರೆಯುತ್ತಿದ್ದಾಳೆ, ಮೂರನೇ ಸಲ, ಹೋಗದಿದ್ದರೆ ಕಷ್ಟ ಅಂದರು."

ಇದ್ರಿಸ್ ಅನುವಾದ ಮಾಡಿದರು. ನಾದಿಯಾ ಜೋರಾಗಿ ನಕ್ಕುಬಿಟ್ಟರು. ನಗುತ್ತಲೇ ಕಣ್ಣು ತುಂಬಿ ಬಂತು. ಏನೋ ಹೇಳಿದರು, ಇದ್ರಿಸ್‌ಗೆ ಅದನ್ನು ಇಂಗ್ಲಿಷಿಗೆ ತರಲು ಸ್ವಲ್ಪ ಹೊತ್ತು ಬೇಕಾಯಿತು.

"ರೇಡಿಯೊ ಮುಂದೆ ಕೂತರೆ ನೀನು ಕರೆದದ್ದು ಕೇಳಿಸುವುದೇ ಇಲ್ಲ ಅಂತ ಅವನು ಯಾವಾಗಲೂ ಹೇಳುತ್ತಿದ್ದನಂತೆ. ಹಾಗಾದರೆ ಕೇಳಿಸುತ್ತಿತ್ತಾ ಅನ್ನುತ್ತಿದ್ದಾಳೆ."

"ಕೇಳಿಸುತ್ತಿತ್ತು," ಎಂದೆ. "ಮೂರು ಸಲವೂ."

ನಾನು ಕ್ಷಮೆ ಕೇಳಲು ಅಷ್ಟು ದೂರ ಹೋದವಳು. ಕ್ಷಮೆ ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಗೂ ಬರಲಿಲ್ಲ. ನಾದಿಯಾ ಕಣ್ಣೊರೆಸಿಕೊಂಡು, ಕೂತಲ್ಲೇ ನನ್ನ ಕಡೆ ಸರಿದು, ಇನ್ನೊಂದು ಸಲ ಮೊದಲಿನಿಂದ ಹೇಳಿ ಎಂದರು. ನಮಸ್ತೆ ಅಂದರು ಎಂದು ಮತ್ತೆ ಶುರುಮಾಡಿದೆ.